ಜಗಳವಾಡು, ಮಾತು ಬಿಡಬೇಡ

ನೋಡಪ್ಪ, ಎರಡು ಇಂಟರ್‌ವ್ಯೂ ಕೈಕೊಟ್ಟವು, ಅಪ್ಪ ಹಾಸಿಗೆ ಹಿಡಿದರು. ಅಷ್ಟಕ್ಕೆ ನೀನು ದೇವರ ಮನೆ ಕಡೆ ತಲೆ ಹಾಕುವುದನ್ನೇ ಬಿಟ್ಟಿದ್ದೀಯಂತೆ. ದೀಪ ಹಚ್ಚು ಅಂದರೆ "ಹಚ್ಚಿ ಏನು ಬಂತು" ಅಂತೀಯಂತೆ. ನಿಮ್ಮಮ್ಮ ಕಣ್ಣೀರು ಹಾಕಿಕೊಂಡು ಹೇಳಿದರು.

ನಿನ್ನ ಲೆಕ್ಕ ನನಗೆ ಗೊತ್ತು. ಕಮ್ಮಸಂದ್ರಕ್ಕೆ ಹೋಗಿ ಕೋಟಿಲಿಂಗೇಶ್ವರನಿಗೆ ಕೈಮುಗಿದೆ, ಬಂಗಾರು ತಿರುಪತಿಗೆ ಹರಕೆ ಹೊತ್ತೆ, ಕೆಲಸ ಸಿಗಲಿಲ್ಲ. ಆದ್ದರಿಂದ ದೇವರಿಲ್ಲ. ಪುಣ್ಯಾತ್ಮ, ಬಂಗಾರಪೇಟೆಯ ಕಿರಾಣಿ ಅಂಗಡಿಯವನು ಕೂಡ ಇಷ್ಟು ಬೇಗ ಸಾಲದ ಖಾತೆ ಮುಚ್ಚುವುದಿಲ್ಲ!

ಖಾತೆ ಮುಚ್ಚದವರ ಕಥೆ ಕೇಳು. ನೀನು ಹುಟ್ಟುವ ಹೊತ್ತಿಗೆ ನಮ್ಮ ಕೆಜಿಎಫ್ ಚಿನ್ನದ ಗಣಿಯ ಕಥೆ ಮುಗಿದಿತ್ತು. 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಕೈಹಾಕಿದ ಕೆಲಸ 2001ರ ಫೆಬ್ರವರಿ 28ಕ್ಕೆ ನಿಂತಿತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ಅಷ್ಟು ಕೆಳಗೆ ಬಂಡೆ ಮುಟ್ಟಿದರೆ ಕೈ ಸುಡುತ್ತಿತ್ತು. ಒಳಗೆ ಬಂಡೆ ಸಿಡಿದರೆ ಮೇಲೆ ಮನೆಗಳಲ್ಲಿ ಪಾತ್ರೆ ಅದುರುತ್ತಿದ್ದವು. ಪಾತ್ರೆ ಅದುರಿತೋ, ಕಾರ್ಮಿಕರ ಲೈನ್ ಮನೆಗಳ ಹೆಂಗಸರು ಒಲೆ ಮೇಲಿನ ಸಾರು ಹಾಗೇ ಬಿಟ್ಟು ಶಾಫ್ಟ್ ಕಡೆ ಓಡುತ್ತಿದ್ದರು. ಒಬ್ಬಳ ಬಾಯಲ್ಲಿ ಮಾರಿಯಮ್ಮ, ಪಕ್ಕದವಳ ಬಾಯಲ್ಲಿ ಮೇರಿ ಮಾತಾ. ಓಟ ಮಾತ್ರ ಒಂದೇ.

ಆ ಹೆಂಗಸರ ಭಕ್ತಿ ನೀನು ಅಂದುಕೊಂಡಷ್ಟು ಮೆತ್ತಗಿರಲಿಲ್ಲ. ನಾನು ರಾಬರ್ಟ್‌ಸನ್‌ಪೇಟೆಯಲ್ಲಿ ಮೇಷ್ಟ್ರಾಗಿದ್ದಾಗ ಪರಿಚಯದ ಒಬ್ಬಾಕೆ ಲೈನ್ ಮನೆಯಲ್ಲಿದ್ದರು. ಗಂಡನಿಗೆ ಗಣಿಯ ಧೂಳು ಕುಡಿದು ಕುಡಿದು ಸಿಲಿಕೋಸಿಸ್. ಕೊಳಾಯಿ ತನಕ ನಡೆದರೆ ಏದುಸಿರು. ಆಕೆ ಸಂಜೆ ದೀಪ ಹಚ್ಚಿ ಮಾರಿಯಮ್ಮನ ಪಟದ ಎದುರು ಸೊಂಟಕ್ಕೆ ಸೆರಗು ಬಿಗಿದು ನಿಂತು ಬಯ್ಯೋರು. "ನಿನಗೇನು ಕಣ್ಣು ಹೋಗಿದೆಯಾ? ನಿನ್ನ ಗಂಡ ಹೀಗೆ ಕೆಮ್ಮಿದ್ದರೆ ಸುಮ್ಮನಿರ್ತಿದ್ದೆಯಾ?" ಬಯ್ದು ಮುಗಿದ ಮೇಲೆ ಪಟಕ್ಕೆ ಕುಂಕುಮ ಇಟ್ಟು ಅನ್ನಕ್ಕೆ ಎಸರಿಡೋರು.

ಗಂಡ ಉಳಿಯಲಿಲ್ಲ. ಮಾರನೇ ವರ್ಷ ಆಡಿ ತಿಂಗಳಲ್ಲಿ ಮಾರಿಯಮ್ಮನ ಗುಡಿ ಮುಂದೆ ರಾಗಿ ಅಂಬಲಿ ಹಂಚುತ್ತಿದ್ದರು. ಹಂಡೆಯ ಪಕ್ಕ ಸೌಟು ಹಿಡಿದು ನಿಂತವರು ಆಕೆಯೇ. ನಾನು ಲೋಟ ಒಡ್ಡಿದೆ. "ಮೇಷ್ಟ್ರೇ, ಅವಳ ಮೇಲೆ ನನಗೆ ಸಿಟ್ಟು ಇನ್ನೂ ಇಳಿದಿಲ್ಲ. ಅದಕ್ಕೆ ಮಕ್ಕಳು ಯಾಕೆ ಹಸಿದುಕೊಂಡಿರಬೇಕು?" ಅಂದರು. ಅಂಬಲಿಗೆ ಉಪ್ಪು ಸ್ವಲ್ಪ ಹೆಚ್ಚಾಗಿತ್ತು, ಹೇಳುವ ಧೈರ್ಯ ನನಗೆ ಬರಲಿಲ್ಲ.

ದೇವರಿದ್ದಾನೋ ಇಲ್ಲವೋ ಅಂತ ನಿನ್ನ ಜೊತೆ ವಾದಕ್ಕೆ ಕೂರುವವನಲ್ಲ ನಾನು. ಕಂಡದ್ದು ಹೇಳುತ್ತೇನೆ. ಗಣಿ ಮುಚ್ಚಿದಾಗ ಸಂಕಟಕ್ಕೆ ದೇವರ ಜೊತೆ ಮಾತು ಬಿಟ್ಟ ಕೆಲವರು ಆಮೇಲೆ ಹೆಂಡತಿ ಜೊತೆ ಬಿಟ್ಟರು, ನೆರೆಯವರ ಜೊತೆ ಬಿಟ್ಟರು, ಕಡೆಗೆ ಬಾಟಲಿ ಜೊತೆ ಮಾತ್ರ ಉಳಿಸಿಕೊಂಡರು. ಎಲ್ಲರೂ ಹಾಗಾದರು ಅನ್ನುವುದಿಲ್ಲ. ಬಯ್ದುಕೊಂಡಾದರೂ ಗುಡಿಗೋ ಚರ್ಚಿಗೋ ಹೋಗುತ್ತಿದ್ದವರಿಗೆ ಅಲ್ಲಿ ನಾಲ್ಕು ಜನ ಸಿಗುತ್ತಿದ್ದರು. ಆ ನಾಲ್ಕು ಜನರಲ್ಲಿ ಒಬ್ಬರು ಬೆಂಗಳೂರಿನಲ್ಲಿ ಇಂಥ ಕಡೆ ಕೆಲಸ ಇದೆ ಅನ್ನೋರು.

ಯೋಚಿಸಿ ದೇವರನ್ನು ಬಿಟ್ಟವರೂ ಇದೇ ಮಣ್ಣಿನಲ್ಲಿದ್ದರು, ಅವರ ಬಗ್ಗೆ ನನಗೆ ಗೌರವ. ಗುಡಿಯ ಬಾಗಿಲಲ್ಲೇ ತಡೆಸಿಕೊಂಡ ಜನ ನೂರು ವರ್ಷದ ಹಿಂದೆ ದಲಿತ ಚಿಂತಕ ಅಯೋತಿ ದಾಸ ಪಂಡಿತರ ಮಾತಿಗೆ ಓಗೊಟ್ಟು ಮಾರಿಕುಪ್ಪಂನಲ್ಲಿ ಬೌದ್ಧ ಸಂಘ ಕಟ್ಟಿದರು. ಪಂಡಿತರ ಬರಹಗಳನ್ನು ಕೆಜಿಎಫ್‌ನಿಂದಲೇ ಪುಸ್ತಕ ಮಾಡಿ ಹೊರತಂದರು. ದಿನವಿಡೀ ದುಡಿದು ಬಂದು ಮಾಡಿದ ಕೆಲಸ ಅದು. ಬಿಡುವುದಾದರೆ ಹಾಗೆ ಬಿಡು, ನಾನು ಬೇಡ ಅನ್ನಲ್ಲ. ನಿನ್ನದು ಯೋಚನೆಯಲ್ಲಪ್ಪ, ಮುನಿಸು.

ಹಾಗಂತ "ಎಲ್ಲ ಅವನಿಚ್ಛೆ" ಅಂತ ಕೈಕಟ್ಟಿ ಕೂರುವವರ ಮಾತೂ ಕೇಳಬೇಡ. 1930ರಲ್ಲಿ ಬೆರಳಚ್ಚು ಒತ್ತಿ ಹೆಸರು ನೋಂದಾಯಿಸಿಕೊಳ್ಳಿ ಅಂತ ಕಂಪನಿ ಹಟ ಹಿಡಿದಾಗ ಕಾರ್ಮಿಕರು ಮೂರು ವಾರ ಗಣಿಗೆ ಇಳಿಯಲಿಲ್ಲ. ದೇವರಿಗೆ ಬಗ್ಗುವ ತಲೆ ಅದು, ಧಣಿಗೆ ಬಗ್ಗಲಿಲ್ಲ.

ಮಾರಿಕುಪ್ಪಂ ರೈಲಿನಲ್ಲಿ ನೀನೂ ಓಡಾಡುತ್ತೀಯಲ್ಲ, ಒಂದು ದಿನ ಕಿವಿಯ ಇಯರ್‌ಫೋನ್ ಕಿತ್ತಿಟ್ಟು ಸುತ್ತ ನೋಡು. ಬಂಗಾರಪೇಟೆ ದಾಟುವಷ್ಟರಲ್ಲಿ ಒಬ್ಬರು ಜಪಮಾಲೆ ತೆಗೆದಿರುತ್ತಾರೆ, ಇನ್ನೊಬ್ಬರು ಹಣೆಗೆ ವಿಭೂತಿ ಹಚ್ಚಿ ಅಲ್ಲೇ ತೂಕಡಿಸುತ್ತಿರುತ್ತಾರೆ. ಅವರಲ್ಲಿ ಎಷ್ಟೋ ಜನ ಗಣಿ ಕೆಲಸದವರ ಮಕ್ಕಳು. ಕಷ್ಟ ಮುಗಿಯಲಿ, ಆಮೇಲೆ ನಂಬುತ್ತೇನೆ ಅಂತ ಅವರು ಕಾದು ಕೂತಿದ್ದರೆ ಬೆಳಗಿನ ರೈಲು ತಪ್ಪಿಹೋಗುತ್ತಿತ್ತು.

ಸರಿ, ಉಪದೇಶ ಸಾಕು. ಅಪ್ಪನನ್ನು ಆಸ್ಪತ್ರೆಗೆ ತೋರಿಸುವುದನ್ನು ನಾಳೆ ನಾಡಿದ್ದು ಅಂತ ಮುಂದೂಡಬೇಡ, ಹರಕೆಯಿಂದ ಮಾತ್ರೆ ಬರುವುದಿಲ್ಲ. ಸಂಜೆ ದೀಪ ನೀನೇ ಹಚ್ಚು, ನಿಮ್ಮಮ್ಮನಿಗೆ ಮಂಡಿ ನೋವು. ದೇವರನ್ನು ಬಯ್ಯಬೇಕು ಅನ್ನಿಸಿದರೆ ಬಯ್ಯಿ, ಅಪ್ಪ ಮಲಗಿರುತ್ತಾರೆ, ದನಿ ಮಾತ್ರ ಸಣ್ಣದಿರಲಿ. ಭಾನುವಾರ ಮನೆಗೆ ಬಾ, ಮುಂದಿನ ಕೆಲಸದ ಅರ್ಜಿ ಇಬ್ಬರೂ ಕೂತು ಬರೆಯೋಣ.