ಜಾಗವನ್ನು ಓದಲು ಕಲಿಸಿದ ಆಟಗಳು

‘ಹಾಲೋ ನೈಟ್’ ಎಂಬ ವಿಡಿಯೊ ಗೇಮ್‌ನಲ್ಲಿ ಹೊಸ ಪ್ರದೇಶಕ್ಕೆ ಕಾಲಿಟ್ಟಾಗ ನಮ್ಮ ಕೈಯಲ್ಲಿ ನಕ್ಷೆ ಇರುವುದಿಲ್ಲ. ಎಡಕ್ಕೆ ಹೋಗಬೇಕೋ ಬಲಕ್ಕೋ ಎಂದು ಆಟ ಹೇಳಿಕೊಡುವುದೂ ಇಲ್ಲ. ಕತ್ತಲ ಸುರಂಗದಲ್ಲಿ ನಡೆಯುತ್ತಿರುವಾಗ ಎಲ್ಲೋ ಯಾರೋ ಗುನುಗುವುದು ಕೇಳಿಸುತ್ತದೆ. ನೆಲದ ಮೇಲೆ ಕಾಗದದ ಹಾಳೆಗಳು ಚೆದುರಿ ಬಿದ್ದಿರುತ್ತವೆ. ಅವುಗಳ ಜಾಡು ಹಿಡಿದು ಹೋದರೆ ಕಾರ್ನಿಫರ್ ಎಂಬ ನಕ್ಷೆಕಾರ ಸಿಗುತ್ತಾನೆ. ಅವನು ಮಾರುವುದು ಅರೆಬರೆ ನಕ್ಷೆ. ಉಳಿದದ್ದನ್ನು ನಾವೇ ನಡೆದು ತುಂಬಿಕೊಳ್ಳಬೇಕು. ಅದಕ್ಕಾಗಿ ಅವನ ಹೆಂಡತಿ ಇಸೆಲ್ಡಾಳ ಅಂಗಡಿಯಲ್ಲಿ ಗರಿಯ ಲೇಖನಿ ಕೊಳ್ಳಬೇಕು. ಕೊಂಡ ಮೇಲೂ, ದಾರಿಯಲ್ಲಿ ಸಿಗುವ ಬೆಂಚಿನ ಮೇಲೆ ಕೂತು ಸುಧಾರಿಸಿಕೊಂಡಾಗ ಮಾತ್ರ ನಡೆದ ಜಾಗ ನಕ್ಷೆಯಲ್ಲಿ ಮೂಡುತ್ತದೆ. ನಾವೀಗ ಎಲ್ಲಿದ್ದೇವೆ ಎಂಬುದು ಕಾಣಬೇಕಾದರೆ ದಿಕ್ಸೂಚಿಯ ತಾಯಿತವೊಂದನ್ನು ಬೇರೆ ಕೊಂಡು ಧರಿಸಬೇಕು.

ಇಷ್ಟೊಂದು ತಾಪತ್ರಯ ಯಾಕೆ ಎಂದು ಮೊದಮೊದಲು ನನಗೂ ಅನಿಸಿತ್ತು. ಕೆಲಸ ಮುಗಿಸಿ, ಊಟ ಮಾಡಿ, ರಾತ್ರಿ ಲ್ಯಾಪ್‌ಟಾಪ್ ಮುಂದೆ ಕೂರುವವನಿಗೆ ಬೇಕಾಗಿದ್ದದ್ದು ವಿಶ್ರಾಂತಿ. ಆದರೆ ಆಡುತ್ತ ಹೋದಂತೆ ಆ ತಾಪತ್ರಯವೇ ಆಟದ ತಿರುಳು ಎಂಬುದು ಗೊತ್ತಾಯಿತು. ಪಕ್ಕದಿಂದ ಕಾಣುವ ಲೋಕ, ಜಿಗಿಯುವ, ಹತ್ತುವ, ಜೋತುಬೀಳುವ ಒಂದು ಪುಟ್ಟ ಜೀವ, ಬಾಯಿಬಿಟ್ಟು ಏನನ್ನೂ ಹೇಳದ ಪರಿಸರ: ಇಂಥ ಆಟಗಳನ್ನು ಸಣ್ಣ ಸಣ್ಣ ಸ್ವತಂತ್ರ ತಂಡಗಳು ಮಾಡುತ್ತ ಬಂದಿವೆ. ಇವುಗಳಲ್ಲಿ ಹಲವುಗಳ ಬೇರು ಜಪಾನಿನ ಎರಡು ಆಟಗಳಲ್ಲಿದೆ: 1994ರ ‘ಸೂಪರ್ ಮೆಟ್ರಾಯ್ಡ್’ ಮತ್ತು 1997ರ ‘ಕ್ಯಾಸಲ್‌ವೇನಿಯಾ: ಸಿಂಫನಿ ಆಫ್ ದ ನೈಟ್’. ಅಂಥ ಆಟಗಳಲ್ಲಿ ಆರಂಭದಲ್ಲೇ ಕಣ್ಣಿಗೆ ಬಿದ್ದ ಎತ್ತರದ ಕಟ್ಟೆಯನ್ನು ತಲುಪಲು ಹೊಸ ಶಕ್ತಿಯೊಂದು ಸಿಗುವ ತನಕ ಕಾಯಬೇಕು. ಸಿಕ್ಕ ಮೇಲೆ ಆ ಕಟ್ಟೆ ಎಲ್ಲಿತ್ತೆಂದು ನೆನಪಿಟ್ಟುಕೊಂಡು ಹಿಂದಿರುಗಬೇಕು. ಆಟದ ಪಾತ್ರಕ್ಕೆ ಕತ್ತಿ ಸಿಗಬಹುದು, ರೆಕ್ಕೆ ಸಿಗಬಹುದು. ಆದರೆ ನಿಜವಾಗಿ ಬೆಳೆಯುವುದು ಆಡುವವರ ಗಮನ. ಇಷ್ಟು ವರ್ಷ ಈ ಆಟಗಳನ್ನು ಆಡಿ ನಾನು ಕಂಡುಕೊಂಡ ದೊಡ್ಡ ಸಂಗತಿ ಇದು.

ಮೇಲೆ ಕೆರೆ ಇರಬೇಕು

‘ಹಾಲೋ ನೈಟ್’ 2017ರಲ್ಲಿ ಬಂತು. ಆಸ್ಟ್ರೇಲಿಯಾದ ಅಡಿಲೇಡ್ ನಗರದ ಟೀಮ್ ಚೆರಿ ಎಂಬ ಬೆರಳೆಣಿಕೆಯ ಜನರ ತಂಡ ಇದನ್ನು ಮಾಡಿದ್ದು. ಆರಿ ಗಿಬ್ಸನ್ ಮತ್ತು ವಿಲಿಯಂ ಪೆಲೆನ್ ಅದರ ಮುಖ್ಯರು. ಹಾಳುಬಿದ್ದ ಕೀಟಗಳ ರಾಜ್ಯ ಹ್ಯಾಲೋನೆಸ್ಟ್. ಅದೆಲ್ಲ ನೆಲದಡಿಯೇ ಇದೆ. ಆಳಕ್ಕೆ ಇಳಿದಂತೆ ಸಿಟಿ ಆಫ್ ಟಿಯರ್ಸ್ ಎಂಬ ನಗರ ಬರುತ್ತದೆ. ಅಲ್ಲಿ ಮಳೆ ನಿಲ್ಲುವುದೇ ಇಲ್ಲ. ಎತ್ತರದ ಗೋಪುರಗಳು, ಗಾಜಿನ ಕಿಟಕಿಗಳು, ಅವುಗಳ ಮೇಲೆ ಇಳಿಯುತ್ತಲೇ ಇರುವ ನೀರು, ಹಿನ್ನೆಲೆಯಲ್ಲಿ ಕ್ರಿಸ್ಟೋಫರ್ ಲಾರ್ಕಿನ್ ಅವರ ಸಂಗೀತ. ನಾನು ಕತ್ತಿ ಬೀಸುವುದನ್ನು ಬಿಟ್ಟು ಸುಮ್ಮನೆ ನಿಂತು ನೋಡುತ್ತಿದ್ದೆ.

ಮಲೆನಾಡಿನಿಂದ ಬಂದಿದ್ದ ಅಮ್ಮ ಆ ಹೊತ್ತಿಗೆ ಪಕ್ಕದಲ್ಲಿ ಕೂತಿದ್ದರು. ಪರದೆಯನ್ನೇ ನೋಡುತ್ತ, “ಇದು ಮಳೆಯಲ್ಲ ಮಾರಾಯ. ನೆಲದೊಳಗೆ ಮಳೆ ಎಲ್ಲಿಂದ ಬರತ್ತೆ? ಮೇಲೆ ಕೆರೆ ಇರ್ಬೇಕು, ಅದು ಜಿನುಗ್ತಾ ಇದೆ” ಅಂದರು. ನನಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ. ಮುಂದೆ ಆಡುತ್ತ ಆಡುತ್ತ, ನಗರಕ್ಕಿಂತ ಮೇಲಿನ ಮಟ್ಟದಲ್ಲಿ ಬ್ಲೂ ಲೇಕ್ ಎಂಬ ದೊಡ್ಡ ನೀಲಿ ಸರೋವರದ ದಡಕ್ಕೆ ಬಂದಾಗ ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ಬಾವಿ, ಒರತೆ, ಅಡಿಕೆ ತೋಟದ ಕಾಲುವೆಗಳನ್ನು ನೋಡುತ್ತ ಬದುಕಿದ ಅವರಿಗೆ ಅದರಲ್ಲಿ ಆಶ್ಚರ್ಯವೇ ಇರಲಿಲ್ಲ.

ಅಂದಿನಿಂದ ನಾನು ಆಡುವ ರೀತಿಯೇ ಬದಲಾಯಿತು. ಈ ನೀರು ಎಲ್ಲಿಂದ ಬಂತು? ಈ ಬಾಗಿಲು ಒಳಗಿನಿಂದ ಯಾಕೆ ಮುಚ್ಚಿದೆ? ಗೋಡೆಯ ಈ ಒಂದು ಭಾಗದಲ್ಲಿ ಮಾತ್ರ ಬಿರುಕು ಯಾಕೆ? ಒಳ್ಳೆಯ ಆಟದಲ್ಲಿ ಇಂಥ ಪ್ರಶ್ನೆಗೆ ಉತ್ತರ ಇದ್ದೇ ಇರುತ್ತದೆ. ಆ ಉತ್ತರ ಯಾರದೋ ಭಾಷಣದಲ್ಲಿ ಇರದೆ ಜಾಗದಲ್ಲೇ ಇರುತ್ತದೆ.

ಕಿವಿ ಕೊಟ್ಟು ಆಡುವುದು

ಡೆನ್ಮಾರ್ಕಿನ ಪ್ಲೇಡೆಡ್ ತಂಡದ ‘ಲಿಂಬೊ’ 2010ರಲ್ಲಿ ಬಂತು. ಬರೀ ಕಪ್ಪು, ಬಿಳುಪು, ಬೂದು. ಕಾಡಿನಲ್ಲಿ ಕಣ್ಣು ಬಿಡುವ ಒಬ್ಬ ಹುಡುಗ. ಅವನ ಮುಖದಲ್ಲಿ ಕಾಣುವುದು ಎರಡು ಬೆಳಕಿನ ಚುಕ್ಕೆಗಳಂಥ ಕಣ್ಣು ಮಾತ್ರ. ಸೂಚನೆ ಇಲ್ಲ, ಸಂಭಾಷಣೆ ಇಲ್ಲ. ಮಾರ್ಟಿನ್ ಸ್ಟಿಗ್ ಆ್ಯಂಡರ್ಸನ್ ಅವರ ಧ್ವನಿ ವಿನ್ಯಾಸದಲ್ಲಿ ಸಂಗೀತ ಯಾವುದು, ಗಾಳಿ ಯಾವುದು, ಯಂತ್ರದ ಸದ್ದು ಯಾವುದು ಎಂದು ಬಿಡಿಸಿ ಹೇಳುವುದೇ ಕಷ್ಟ. ಅದೇ ತಂಡ 2016ರಲ್ಲಿ ತಂದ ‘ಇನ್‌ಸೈಡ್’ ಆಟಕ್ಕಾಗಿ ಅವರು ಧ್ವನಿಗಳನ್ನು ನಿಜವಾದ ಮನುಷ್ಯನ ತಲೆಬುರುಡೆಯ ಮೂಲಕ ಹಾಯಿಸಿ ಮುದ್ರಿಸಿಕೊಂಡರು. ನಮ್ಮ ದನಿ ನಮಗೆ ಕೇಳುವಾಗ ಎಲುಬಿನ ಮೂಲಕವೂ ಹಾದು ಬರುತ್ತದಲ್ಲ, ಆ ಗುಣ ಅಲ್ಲಿನ ಸದ್ದುಗಳಿಗೆ ಬಂದಿದೆ. ಹೊರಗಿನ ಸದ್ದು ನಮ್ಮ ತಲೆಯೊಳಗೇ ಹುಟ್ಟಿದಂತೆ ಅನಿಸುತ್ತದೆ.

ಟಿ.ವಿ. ಸ್ಪೀಕರಿನಲ್ಲಿ, ಫ್ಯಾನಿನ ಸದ್ದಿನ ನಡುವೆ ಇವನ್ನು ಆಡಿದರೆ ಅರ್ಧ ಆಟ ಕೈತಪ್ಪಿತು ಎಂದೇ ಲೆಕ್ಕ. ‘ಇನ್‌ಸೈಡ್’ನಲ್ಲಿ ನಿಯತವಾಗಿ ಬಂದು ಅಪ್ಪಳಿಸುವ ಭಾರೀ ಆಘಾತದ ಅಲೆಯೊಂದಿದೆ. ಅದರ ಲಯವನ್ನು ಕಿವಿಯಿಂದ ಹಿಡಿದುಕೊಂಡರೆ ಯಾವಾಗ ಓಡಬೇಕು, ಯಾವಾಗ ಮರೆಗೆ ನಿಲ್ಲಬೇಕು ಎಂಬುದು ದೇಹಕ್ಕೇ ತಿಳಿಯುತ್ತದೆ. ತಾಳ ಹಾಕುತ್ತ ಕಛೇರಿ ಕೇಳುವವರಿಗೆ ಈ ಸುಖ ಬೇಗ ದಕ್ಕುತ್ತದೆ. ಸಾಧಾರಣ ಹೆಡ್‌ಫೋನ್ ಆದರೂ ಸಾಕು. ಕೋಣೆಯ ದೀಪ ಆರಿಸಿ, ಫೋನನ್ನು ಬೇರೆ ಕೋಣೆಯಲ್ಲಿಟ್ಟು ಆಡಬೇಕು.

ಎದುರಿಗೆ ಬಂದದ್ದೆಲ್ಲ ಶತ್ರುವಲ್ಲ

ಕಂಡದ್ದನ್ನೆಲ್ಲ ಹೊಡೆದುರುಳಿಸುವ ಆಟಗಳನ್ನು ಆಡಿ ಬೆಳೆದ ಕೈಗೆ ಈ ಆಟಗಳು ಬೇರೆಯದೇ ಸಂಸ್ಕಾರ ಕೊಡುತ್ತವೆ. ‘ಹಾಲೋ ನೈಟ್’ನಲ್ಲಿ ಮ್ಯಾಂಟಿಸ್ ಎಂಬ ಮಿಡತೆಯಂಥ ಯೋಧರ ಹಳ್ಳಿ ಇದೆ. ಅವರ ಮೂವರು ಒಡೆಯರನ್ನು ನೇರ ಕಾಳಗದಲ್ಲಿ ಗೆದ್ದರೆ, ಅಲ್ಲಿಯ ತನಕ ಮೇಲೆರಗುತ್ತಿದ್ದ ಯೋಧರೆಲ್ಲ ತಲೆಬಾಗಿ ನಿಲ್ಲುತ್ತಾರೆ. ಮತ್ತೆ ಅವರನ್ನು ಮುಟ್ಟಲು ಕೈ ಬರುವುದಿಲ್ಲ.

2015ರ ‘ಓರಿ ಆ್ಯಂಡ್ ದ ಬ್ಲೈಂಡ್ ಫಾರೆಸ್ಟ್’ನಲ್ಲಿ ಕುರೋ ಎಂಬ ದೈತ್ಯ ಗೂಬೆ ಕಾಡಿನುದ್ದಕ್ಕೂ ನಮ್ಮನ್ನು ಬೆನ್ನಟ್ಟುತ್ತದೆ. ಅದರ ಗೂಡನ್ನು ತಲುಪಿದಾಗ ಅದು ಮರಿಗಳನ್ನು ಕಳೆದುಕೊಂಡ ತಾಯಿ ಎಂಬುದು ತಿಳಿಯುತ್ತದೆ. ಅಲ್ಲಿಂದ ಮುಂದೆ ಅದರಿಂದ ತಪ್ಪಿಸಿಕೊಂಡು ಓಡುವಾಗ ಹೆದರಿಕೆಯ ಜೊತೆಗೆ ಮರುಕವೂ ಇರುತ್ತದೆ.

2017ರ ‘ರೇನ್ ವರ್ಲ್ಡ್’ ಇನ್ನೂ ಮುಂದೆ ಹೋಗುತ್ತದೆ. ಅದರಲ್ಲಿ ನಾವು ಸ್ಲಗ್‌ಕ್ಯಾಟ್ ಎಂಬ ಪುಟ್ಟ ಪ್ರಾಣಿ. ಆಹಾರ ಸರಪಳಿಯ ನಡುವೆ ಎಲ್ಲೋ ಇದ್ದೇವೆ. ಹಲ್ಲಿಗಳು ನಮ್ಮನ್ನು ತಿನ್ನುತ್ತವೆ, ಹದ್ದುಗಳು ಹಲ್ಲಿಗಳನ್ನೂ ಎತ್ತಿಕೊಂಡು ಹೋಗುತ್ತವೆ. ನಾವು ನೋಡದಿದ್ದಾಗಲೂ ಆ ಪ್ರಾಣಿಗಳು ತಮ್ಮ ಪಾಡಿಗೆ ಓಡಾಡುತ್ತ, ಬೇಟೆಯಾಡುತ್ತ ಇರುತ್ತವೆ. ಕೊಂದುಬಿಡುವಂಥ ಮಳೆ ಬರುವುದರೊಳಗೆ ಹೊಟ್ಟೆ ತುಂಬಿಸಿಕೊಂಡು ಆಸರೆ ಸೇರಬೇಕು. ಇದು ಸುಲಭದ ಆಟವಲ್ಲ, ಎಲ್ಲರಿಗೂ ಹಿಡಿಸುವುದೂ ಇಲ್ಲ. ಆದರೆ ಲೋಕ ನಮಗಾಗಿಯೇ ಇರುವುದಲ್ಲ ಎಂಬ ಮಾತನ್ನು ಇಷ್ಟು ಗಟ್ಟಿಯಾಗಿ ಮನಸ್ಸಿಗೆ ತಂದ ಬೇರೆ ಆಟವನ್ನು ನಾನು ಕಂಡಿಲ್ಲ.

ಬಿದ್ದವರನ್ನು ಎಬ್ಬಿಸುವ ಕ್ರಮ

‘ಸೆಲೆಸ್ಟ್’ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಮ್ಯಾಡಿ ಥಾರ್ಸನ್ ಮತ್ತು ನೋಯೆಲ್ ಬೆರಿ 2015ರಲ್ಲಿ ನಾಲ್ಕೇ ದಿನಗಳಲ್ಲಿ ಕಟ್ಟಿದ ಪುಟ್ಟ ಆಟವೊಂದು ಬೆಳೆದು 2018ರಲ್ಲಿ ಈ ರೂಪಕ್ಕೆ ಬಂತು. ಮ್ಯಾಡೆಲಿನ್ ಎಂಬ ಯುವತಿ ಬೆಟ್ಟ ಹತ್ತುತ್ತಾಳೆ, ಕಥೆ ಅಷ್ಟೇ. ಅವಳಿಗೆ ಆತಂಕದ ತೊಂದರೆ ಇದೆ. ಬೆಟ್ಟದ ಮೇಲೆ ಅವಳದೇ ಇನ್ನೊಂದು ರೂಪ ಎದುರಾಗಿ, ನಿನ್ನಿಂದ ಆಗದು ಎಂದು ಹಂಗಿಸುತ್ತದೆ. ದಾರಿಯಲ್ಲಿ ರೋಪ್‌ವೇ ತೊಟ್ಟಿಲು ನಡುವೆ ನಿಂತು ಅವಳಿಗೆ ಉಸಿರು ಕಟ್ಟುತ್ತದೆ. ಆಗ ಗೆಳೆಯ ಥಿಯೊ ಒಂದು ಗರಿಯನ್ನು ಕಲ್ಪಿಸಿಕೋ ಎನ್ನುತ್ತಾನೆ. ಪರದೆಯ ಮೇಲೆ ಗರಿ ತೇಲುತ್ತದೆ. ನಾವು ಗುಂಡಿ ಒತ್ತುತ್ತ, ಬಿಡುತ್ತ, ಉಸಿರಿನ ಲಯದಲ್ಲಿ ಅದನ್ನು ಬೀಳದಂತೆ ಹಿಡಿಯಬೇಕು. ಆ ದೃಶ್ಯ ಆಡುವಾಗ ನನ್ನ ಉಸಿರೂ ನಿಧಾನವಾದದ್ದು ನನಗೇ ಗೊತ್ತಾಯಿತು.

ಆಟ ಕಠಿಣವೇ. ಒಂದೊಂದು ಪರದೆಯಲ್ಲೂ ಸಾಯುತ್ತಲೇ ಇರುತ್ತೇವೆ. ಆದರೆ ಸತ್ತ ತಕ್ಷಣ ಅದೇ ಪರದೆಯ ಆರಂಭಕ್ಕೆ ಬಂದು ನಿಲ್ಲುತ್ತೇವೆ. ಕಾಯಿಸುವುದಿಲ್ಲ, ಶಿಕ್ಷೆ ಇಲ್ಲ. ಕಣ್ಣಿಗೆ ಕಾಣದ ಉಪಕಾರಗಳೂ ಇವೆ. ಬಂಡೆಯ ಅಂಚು ದಾಟಿ ಕಾಲು ಗಾಳಿಯಲ್ಲಿದ್ದರೂ ಅರೆಕ್ಷಣ ಜಿಗಿತದ ಗುಂಡಿ ಕೆಲಸ ಮಾಡುತ್ತದೆ. ಜಿಗಿದಾಗ ತಲೆ ಮೂಲೆಗೆ ತಗಲುವಂತಿದ್ದರೆ ಆಟವೇ ತುಸು ಪಕ್ಕಕ್ಕೆ ಸರಿಸಿ ದಾಟಿಸುತ್ತದೆ. ಅಷ್ಟಾದರೂ ಆಗದವರಿಗೆ ಅಸಿಸ್ಟ್ ಮೋಡ್ ಇದೆ: ವೇಗ ತಗ್ಗಿಸಬಹುದು, ಸುಸ್ತಾಗದಂತೆ ಮಾಡಿಕೊಳ್ಳಬಹುದು, ಸಾವೇ ಬರದಂತೆಯೂ ಮಾಡಿಕೊಳ್ಳಬಹುದು.

ಕೆಲಸದ ಜಾಗದಲ್ಲಿ ಹೊಸಬರಿಗೆ ಕಲಿಸುವ ಹೊಣೆ ನನ್ನದು. ‘ಸೆಲೆಸ್ಟ್’ ಆಡಿದ ಮೇಲೆ ನಾನು ಕಲಿಸುವ ಕ್ರಮವನ್ನೇ ತಿದ್ದಿಕೊಂಡೆ. ಮಟ್ಟ ಇಳಿಸಬೇಕಾಗಿಲ್ಲ, ಆದರೆ ತಪ್ಪಿದವರು ಮತ್ತೆ ಯತ್ನಿಸಲು ಹೆಚ್ಚು ಕಾಯುವಂತಾಗಬಾರದು. ದೊಡ್ಡ ಕೆಲಸವನ್ನು ಒಂದು ಪರದೆಯಷ್ಟು ಚಿಕ್ಕದಾಗಿ ಒಡೆದು ಕೊಡಬೇಕು. ಕೂದಲೆಳೆಯಲ್ಲಿ ತಪ್ಪಿದವರಿಗೆ ಸದ್ದಿಲ್ಲದೆ ಕೈ ಕೊಡಬೇಕು. ಕಠಿಣವಾಗಿರುವುದು ಮತ್ತು ಕರುಣೆಯಿಂದಿರುವುದು ಒಟ್ಟಿಗೇ ಸಾಧ್ಯ ಎಂಬುದಕ್ಕೆ ನನಗೆ ಸಿಕ್ಕ ಅತ್ಯುತ್ತಮ ಉದಾಹರಣೆ ಈ ಆಟ.

ಇಂಗ್ಲಿಷ್ ಬೇಡದ ಆಟಗಳು

ದೊಡ್ಡ ಆಟಗಳಲ್ಲಿ ಕನ್ನಡ ಸಿಗುವುದು ಅಪರೂಪ. ಇಂಗ್ಲಿಷ್ ಓದಲು ತಡವರಿಸುವವರು ಗೇಮ್ ಎಂದರೆ ದೂರ ಸರಿಯುತ್ತಾರೆ. ಆದರೆ ನಾನು ಹೇಳುತ್ತಿರುವ ಆಟಗಳಲ್ಲಿ ಹಲವು ಮಾತನ್ನೇ ಆಡುವುದಿಲ್ಲ. ‘ಲಿಂಬೊ’, ‘ಇನ್‌ಸೈಡ್’ ಅರ್ಥವಾಗಲು ಯಾವ ಭಾಷೆಯೂ ಬೇಡ. 2018ರ ‘ಗ್ರಿಸ್’ ಕೂಡ ಹಾಗೆಯೇ. ಬಾರ್ಸಿಲೋನಾದ ನೊಮಾಡಾ ಸ್ಟುಡಿಯೊ ಮಾಡಿದ ಈ ಆಟದ ಚಿತ್ರಗಳು ಕಲಾವಿದ ಕಾನ್ರಾಡ್ ರೊಸೆಟ್ ಅವರ ಕೈಯವು. ದುಃಖದಲ್ಲಿ ದನಿ ಕಳೆದುಕೊಂಡ ಹೆಣ್ಣುಮಗಳೊಬ್ಬಳು ಬಣ್ಣವಿಲ್ಲದ ಲೋಕದಲ್ಲಿ ನಡೆಯುತ್ತಾಳೆ. ಒಂದೊಂದೇ ಬಣ್ಣ ಮರಳಿ ಬರುತ್ತದೆ. ಮೊದಲು ಕೆಂಪು, ಆಮೇಲೆ ಹಸಿರು, ಬಳಿಕ ನೀಲಿ. ಕೆಂಪು ಮರುಭೂಮಿಯಲ್ಲಿ ಬಿರುಗಾಳಿ ಎದ್ದಾಗ ಅವಳ ಉಡುಪು ಕಲ್ಲಿನಂತೆ ಭಾರವಾಗಿ ಅವಳನ್ನು ನೆಲದ ಮೇಲೆ ನಿಲ್ಲಿಸುತ್ತದೆ. ಇದರಲ್ಲಿ ಸಾವಿಲ್ಲ, ಅವಸರವಿಲ್ಲ.

ಅಕ್ಕನ ಮಗ ಕನ್ನಡ ಮಾಧ್ಯಮದ ಹುಡುಗ. ರಜೆಯಲ್ಲಿ ಬಂದಾಗ ಅವನ ಕೈಗೆ ಕಂಟ್ರೋಲರ್ ಕೊಟ್ಟು ‘ಗ್ರಿಸ್’ ಹಾಕಿಕೊಟ್ಟೆ. ಕಾಡಿನಲ್ಲಿ ಅವಳ ಹಿಂದೆ ಬರುವ ಚೌಕಾಕಾರದ ಪುಟ್ಟ ಜೀವಿ ಹಣ್ಣು ತಿನ್ನುವುದನ್ನು ಅವನೇ ಗಮನಿಸಿದ. ಮುಗಿಸಿದ ಮೇಲೆ, “ಮಾಮಾ, ಅವಳ ಅಮ್ಮ ತೀರಿಕೊಂಡಿರಬೇಕು ಅಲ್ವಾ?” ಎಂದು ಕೇಳಿದ. ಒಂದಕ್ಷರ ಓದದೆ ಅವನು ಕಥೆಯ ಎದೆಗೇ ಹೋಗಿದ್ದ. ನಮ್ಮ ಶಾಲೆಗಳ ಮಕ್ಕಳಿಗೆ ಇವು ತಲುಪಬೇಕು ಎಂದು ನಾನು ಬಯಸುವುದು ಇದೇ ಕಾರಣಕ್ಕೆ.

ದುಡ್ಡಿನ ಮಾತು ಬಂದರೆ, ಸ್ವೀಡನ್ನಿನ ನಿಕ್ಲಾಸ್ ನೈಗ್ರೆನ್ ಅವರ ‘ನಿಟ್’ ಮತ್ತು 2007ರ ‘ನಿಟ್ ಸ್ಟೋರೀಸ್’ ಉಚಿತವಾಗಿಯೇ ಬಿಡುಗಡೆಯಾದವು. ಹಳೆಯ ಕಂಪ್ಯೂಟರಿನಲ್ಲೂ ಓಡುವಷ್ಟು ಪುಟ್ಟವು. ಚುಕ್ಕೆಯಷ್ಟು ಚಿಕ್ಕ ಜೀವ ಗೋಡೆ ಹತ್ತುತ್ತದೆ, ವಿಶಾಲ ಭೂಮಿಯಲ್ಲಿ ಅಲೆಯುತ್ತದೆ, ಕಾದಾಟವೇ ಇಲ್ಲ. ‘ನಿಟ್ ಸ್ಟೋರೀಸ್’ ಜೊತೆಗೆ ನಮ್ಮದೇ ಲೆವೆಲ್‌ಗಳನ್ನು ಕಟ್ಟುವ ಸಲಕರಣೆಯನ್ನೂ ಕೊಟ್ಟಿದ್ದಾರೆ. ಜಪಾನಿನ ದೈಸುಕೆ ಅಮಯಾ ಬಿಡುವಿನ ವೇಳೆಯಲ್ಲಿ ಐದು ವರ್ಷ ಒಬ್ಬರೇ ದುಡಿದು 2004ರಲ್ಲಿ ‘ಕೇವ್ ಸ್ಟೋರಿ’ಯನ್ನು ಉಚಿತವಾಗಿ ಬಿಟ್ಟರು. ಬಿಲ್ಲಿ ಬಾಸೊ ಕೂಡ ಒಬ್ಬರೇ ಸುಮಾರು ಏಳು ವರ್ಷ ಹಿಡಿದು ಮಾಡಿದ ‘ಅನಿಮಲ್ ವೆಲ್’ 2024ರಲ್ಲಿ ಬಂತು. ಆಟ ಕಟ್ಟಲು ನೂರಾರು ಜನ ಬೇಕು ಎಂದು ಹಿಂಜರಿಯುವ ನಮ್ಮ ಹುಡುಗ ಹುಡುಗಿಯರು ಈ ಹೆಸರುಗಳನ್ನು ತಿಳಿದಿರಬೇಕು.

ಎಲ್ಲಿಂದ ಶುರು ಮಾಡುವುದು

ಹಿಂದೆ ಗೇಮ್ ಆಡಿಯೇ ಇಲ್ಲದವರು ‘ಗ್ರಿಸ್’ನಿಂದ ಶುರು ಮಾಡಲಿ. ಆಮೇಲೆ ‘ಲಿಂಬೊ’, ಅದು ಕೆಲವೇ ಗಂಟೆಗಳ ಆಟ, ಆದರೆ ಹಿಂಸೆಯ ದೃಶ್ಯಗಳಿರುವುದರಿಂದ ಚಿಕ್ಕ ಮಕ್ಕಳಿಗೆ ಬೇಡ. ಕೈ ಪಳಗಿದ ಮೇಲೆ ‘ಓರಿ’, ಛಲ ಹುಟ್ಟಿದ ಮೇಲೆ ‘ಸೆಲೆಸ್ಟ್’. ‘ಹಾಲೋ ನೈಟ್’ಗೆ ಒಂದು ಇಡೀ ಮಳೆಗಾಲ ಮೀಸಲಿಡಿ. ಅದರ ಮುಂದಿನ ಆಟ ‘ಸಿಲ್ಕ್‌ಸಾಂಗ್’ 2025ರ ಸೆಪ್ಟೆಂಬರಿನಲ್ಲಿ ಬಂದಿದೆ. ಮೊದಲನೆಯದನ್ನು ಮುಗಿಸಿಯೇ ಅದಕ್ಕೆ ಹೋಗಿ.

ಸಾಧ್ಯವಾದರೆ ಕೀಬೋರ್ಡಿಗಿಂತ ಕಂಟ್ರೋಲರ್ ಬಳಸಿ. ದಾರಿ ಕಾಣದಾಗ ಉತ್ತರದ ವಿಡಿಯೊ ನೋಡುವ ಮೊದಲು ಆಟ ಮುಚ್ಚಿ ಮಲಗಿ. ಬೆಳಿಗ್ಗೆ ತಾನಾಗಿಯೇ ಹೊಳೆಯುವುದು ಹೆಚ್ಚು. ನೋಡಿದ ಜಾಗಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಕೈಯಾರೆ ಬರೆದಿಡಿ.

ಎಲ್ಲಕ್ಕಿಂತ ಮುಖ್ಯವಾಗಿ, ಆಗಾಗ ಪಕ್ಕದಲ್ಲಿ ಇನ್ನೊಬ್ಬರನ್ನು ಕೂರಿಸಿಕೊಳ್ಳಿ. ಇವು ಒಬ್ಬರೇ ಆಡುವ ಆಟಗಳು, ಆದರೆ ಒಬ್ಬರ ಕಣ್ಣಿಗೆ ಬಿದ್ದದ್ದು ಇನ್ನೊಬ್ಬರಿಗೆ ಬೀಳುವುದಿಲ್ಲ. ತೋಟ ಬಲ್ಲವರಿಗೆ ನೀರು ಕಾಣುತ್ತದೆ, ಸಂಗೀತ ಬಲ್ಲವರಿಗೆ ತಾಳ ಕೇಳುತ್ತದೆ, ಮಗುವಿಗೆ ದುಃಖ ತಿಳಿಯುತ್ತದೆ. ಒಂದು ಕಾದಂಬರಿ ಓದಿ, ಒಂದು ಸಿನಿಮಾ ನೋಡಿ ಮನೆಮಂದಿ ಮಾತಾಡುವಂತೆ ಈ ಆಟಗಳ ಬಗ್ಗೆಯೂ ಮಾತಾಡಬೇಕು. ಅಷ್ಟು ಮಾತಿಗೆ ಅರ್ಹವಾದ ಕೃತಿಗಳು ಇವು ಎಂದು ನಾನು ನಂಬಿದ್ದೇನೆ.