ಬಂಡೆಯ ಬಿರುಕಿನ ಹೂವು: ಹರ್ಬೇರಿಯಂ ದಾಖಲೆಯ ಸಾಕ್ಷ್ಯ ಮತ್ತು ಮೌನ

ಗ್ರಂಥಸಂಪಾದನೆಯಲ್ಲಿ ಹಸ್ತಪ್ರತಿಗೆ ಯಾವ ಸ್ಥಾನವಿದೆಯೋ ಸಸ್ಯಶಾಸ್ತ್ರದಲ್ಲಿ ಹರ್ಬೇರಿಯಂ ಹಾಳೆಗೆ ಹೆಚ್ಚುಕಡಿಮೆ ಅದೇ ಸ್ಥಾನವಿದೆ. ಒತ್ತಿ ಒಣಗಿಸಿದ ಗಿಡವನ್ನು ದಪ್ಪ ಕಾಗದಕ್ಕೆ ಅಂಟಿಸಿ, ಸಂಗ್ರಾಹಕನ ಹೆಸರು, ಸ್ಥಳ, ದಿನಾಂಕಗಳನ್ನು ಚೀಟಿಯಲ್ಲಿ ನಮೂದಿಸುವುದು ರೂಢಿ. ಗಿಡವು ಹೆಸರಿಗೆ ಆಧಾರ. ಚೀಟಿಯು ನೆಲೆಗೆ ಆಧಾರ. ಈ ಆಧಾರದ ಬಲವೆಷ್ಟು, ಮಿತಿಯೇನು ಎಂಬುದನ್ನು ಅಮೆರಿಕದ ನೈಋತ್ಯದ ಶುಷ್ಕ ಪ್ರಸ್ಥಭೂಮಿಯ ಎರಡು ಸಸ್ಯಗಳು ಸ್ಪಷ್ಟಪಡಿಸುತ್ತವೆ. ಎರಡೂ ಅವರೆಯ ಕುಟುಂಬಕ್ಕೆ ಸೇರಿದ ಅಸ್ಟ್ರಾಗಲಸ್ ಜಾತಿಯವು.

ಮೊದಲನೆಯದು ಅಸ್ಟ್ರಾಗಲಸ್ ಕ್ರೆಮ್ನೋಫೈಲ್ಯಾಕ್ಸ್. ಅರಿಜೋನಾದ ಗ್ರ್ಯಾಂಡ್ ಕ್ಯಾನ್ಯನ್ ಕಮರಿಯ ದಕ್ಷಿಣದಂಚಿನಲ್ಲಿ, ಕೈಬಾಬ್ ಸುಣ್ಣಕಲ್ಲಿನ ಬಿರುಕುಗಳಲ್ಲಿ, ನೆಲಕ್ಕಂಟಿದ ಪುಟ್ಟ ಚಾಪೆಯಂತೆ ಇದು ಬೆಳೆಯುತ್ತದೆ. ಎತ್ತರ ಸುಮಾರು 2.5 ಸೆಂಟಿಮೀಟರ್ ಮಾತ್ರ. ವಸಂತದ ಕೆಲವು ವಾರ ಮಸುಕು ನೇರಳೆ ಛಾಯೆಯ ಕಿರುಹೂಗಳನ್ನು ಬಿಡುತ್ತದೆ. 1903ರಲ್ಲಿ ಮಾರ್ಕಸ್ ಜೋನ್ಸ್ ಇದನ್ನು ಸಂಗ್ರಹಿಸಿದನು. ಆದರೆ ಇದೊಂದು ಪ್ರತ್ಯೇಕ ಪ್ರಭೇದವೆಂದು ರೂಪರ್ಟ್ ಬಾರ್ನೆಬಿ ನಿರೂಪಿಸಿದ್ದು 1948ರಲ್ಲಿ. ಗಿಡವು ಸಂಗ್ರಹವನ್ನು ಸೇರಿದ 45 ವರ್ಷಗಳ ಅನಂತರ ಅದಕ್ಕೆ ಸ್ವಂತ ಹೆಸರು ದೊರೆಯಿತು. ‘ಪ್ರಪಾತದ ಕಾವಲುಗಾರ’ ಎಂಬುದು ಆ ಗ್ರೀಕ್ ಹೆಸರಿನ ಅರ್ಥ. ಈ ಪ್ರಭೇದದ ದಕ್ಷಿಣದಂಚಿನ ಬಗೆಯನ್ನು 1990ರ ಡಿಸೆಂಬರ್‌ನಲ್ಲಿ ಅಳಿವಿನಂಚಿನ ಸಸ್ಯವೆಂದು ಘೋಷಿಸಲಾಯಿತು. ಮ್ಯಾರಿಕೋಪಾ ಪಾಯಿಂಟ್ ಎಂಬ ವೀಕ್ಷಣಾಸ್ಥಳದಲ್ಲಿ ಪ್ರವಾಸಿಗರ ತುಳಿತದಿಂದ ಗಿಡಗಳು ನಾಶವಾಗುತ್ತಿದ್ದುದರಿಂದ ಬೇಲಿ ಹಾಕಬೇಕಾಯಿತು. ಹೆಸರಿಲ್ಲದ ಗಿಡಕ್ಕೆ ಕಾನೂನಿನ ರಕ್ಷಣೆ ದೊರೆಯದು. ಹೆಸರಿಗೆ ಬೇಕಾದ ಆಧಾರವನ್ನು ಒದಗಿಸುವುದು ಒಣಗಿದ ಹಾಳೆಯೇ.

ಎರಡನೆಯದು ಅಸ್ಟ್ರಾಗಲಸ್ ಹ್ಯೂಮಿಲಿಮಸ್. ಇದು ಬೆಳೆಯುವುದು ಮರಳುಗಲ್ಲಿನ ಅಂಚುಗಳ ಮೇಲೆ. 1875ರಲ್ಲಿ ಕೊಲೊರಾಡೊದ ಮ್ಯಾಂಕೋಸ್ ಪ್ರದೇಶದಲ್ಲಿ ಬ್ರಾಂಡಗೀ ಇದನ್ನು ಸಂಗ್ರಹಿಸಿದನು. ಮುಂದೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಯಾರ ಕಣ್ಣಿಗೂ ಬೀಳದ ಈ ಗಿಡವು ಅಳಿದೇ ಹೋಯಿತೆಂಬ ಭಾವನೆ ಬೆಳೆದಿತ್ತು. 1980ರಲ್ಲಿ ಅದು ನೆರೆಯ ನ್ಯೂ ಮೆಕ್ಸಿಕೊ ರಾಜ್ಯದಲ್ಲಿ ಮತ್ತೆ ದೊರೆಯಿತು. 1985ರಲ್ಲಿ ಅಳಿವಿನಂಚಿನ ಸಸ್ಯಗಳ ಪಟ್ಟಿಗೆ ಸೇರಿತು.

ಈ ನಿದರ್ಶನಗಳಿಂದ ಒಂದು ತತ್ತ್ವವನ್ನು ಗುರುತಿಸಬಹುದು. ಹರ್ಬೇರಿಯಂ ಚೀಟಿಯು ‘ಇಂಥ ದಿನ ಇಲ್ಲಿ ಇತ್ತು’ ಎಂದಷ್ಟೇ ಸಾಕ್ಷಿ ನುಡಿಯುತ್ತದೆ. ‘ಬೇರೆಲ್ಲೂ ಇಲ್ಲ’, ‘ಈಗ ಇಲ್ಲ’ ಎಂದು ಅದು ಎಂದೂ ಹೇಳುವುದಿಲ್ಲ. ಸಂಗ್ರಾಹಕರು ನಡೆದ ದಾರಿ, ಹೋದ ಋತು, ತಲುಪಲಾಗದ ಬಂಡೆ ಇವೆಲ್ಲವೂ ದಾಖಲೆಯ ವ್ಯಾಪ್ತಿಯನ್ನು ನಿರ್ಧರಿಸುತ್ತವೆ. ಶಾಸನ ಸಿಗದ ಊರಿಗೆ ಇತಿಹಾಸವೇ ಇಲ್ಲವೆಂದು ವಿದ್ವಾಂಸರು ತೀರ್ಮಾನಿಸುವುದಿಲ್ಲ. ಹಾಗೆಯೇ ಹಾಳೆಯಿಲ್ಲದ ಕಣಿವೆಯನ್ನು ಗಿಡವಿಲ್ಲದ ಕಣಿವೆಯೆಂದು ಬಗೆಯುವುದು ಅವಸರದ ನಿರ್ಣಯ. ಬಂಡೆಯ ಮೇಲೆ ರಸ್ತೆಯನ್ನೋ ಕಟ್ಟಡವನ್ನೋ ಯೋಜಿಸುವಾಗ ಅಂಥ ನಿರ್ಣಯಕ್ಕೆ ತೆರಬೇಕಾದ ಬೆಲೆ ಒಂದು ಪ್ರಭೇದದ ಅಳಿವೇ ಆಗಬಹುದು.