ಕಾರಿನ ಕೀಲೆಣ್ಣೆಯ ಲೆಕ್ಕ

ನಮ್ಮ ಕಾಲೇಜಿನ ಇತಿಹಾಸದ ಅಧ್ಯಾಪಕರೊಬ್ಬರು ಒಂದು ದಿನ ಬಹಳ ಸಿಟ್ಟಿನಿಂದ ನನ್ನ ಕೊಠಡಿಗೆ ಬಂದರು. ಕಾರನ್ನು ಸರ್ವಿಸ್ ಮಾಡಿಸಿ, ಎಂಜಿನ್ನಿನ ಎಣ್ಣೆ ಬದಲಾಯಿಸಿ, ಹಣ ತೆತ್ತು ಬಂದು ಇನ್ನೂ ಹದಿನೈದು ದಿನ ತುಂಬಿರಲಿಲ್ಲ. ಆಗಲೇ ಚಾಲಕನೆದುರಿನ ಫಲಕದಲ್ಲಿ ಹಳದಿ ದೀಪವೊಂದು ಹೊತ್ತಿಕೊಂಡು, ಎಣ್ಣೆಯನ್ನು ಬದಲಾಯಿಸಬೇಕೆಂದು ನೆನಪಿಸತೊಡಗಿತ್ತು. “ನೋಡಿದಿರಾ ಸ್ವಾಮಿ, ಹಳೆಯ ಎಣ್ಣೆಯನ್ನೇ ಬಿಟ್ಟು ಬಿಲ್ಲು ಮಾತ್ರ ಹೊಸದಾಗಿ ಕೊಟ್ಟಿದ್ದಾರೆ. ಯಂತ್ರವೇ ಸಾಕ್ಷಿ ನುಡಿಯುತ್ತಿದೆ” ಎಂದರು.

ಇಬ್ಬರೂ ಹೊರಗೆ ಹೋಗಿ, ಡಿಪ್‌ಸ್ಟಿಕ್ ಎಂಬ ಅಳತೆಕಡ್ಡಿಯನ್ನು ಎಳೆದು ಬಿಳಿಯ ಬಟ್ಟೆಗೆ ಒರೆಸಿ ನೋಡಿದೆವು. ಎಣ್ಣೆಯು ಜೇನಿನ ಬಣ್ಣದ್ದಾಗಿ ತಿಳಿಯಾಗಿತ್ತು. ಪೆಟ್ರೋಲು ಕಾರಿನಲ್ಲಿ ಹೊಸ ಎಣ್ಣೆಯ ಲಕ್ಷಣ ಅದೇ. (ಡೀಸೆಲ್ ಎಂಜಿನ್ನಿನಲ್ಲಿ ಮಸಿ ಸೇರಿ ಹೊಸ ಎಣ್ಣೆಯೂ ಬೇಗನೆ ಕಪ್ಪಾಗುವುದರಿಂದ ಈ ಬಣ್ಣದ ಪರೀಕ್ಷೆ ಅಲ್ಲಿ ಸಲ್ಲದು.) ಕಾರ್ಯಾಗಾರದವರು ಮೋಸ ಮಾಡಿರಲಿಲ್ಲ, ಒಂದು ಸಣ್ಣ ಕೆಲಸವನ್ನು ಮರೆತಿದ್ದರು. ಹಾಗಾದರೆ ಸಾಕ್ಷಿಯು ಸುಳ್ಳು ನುಡಿಯಿತೇ?

ಸಾಕ್ಷಿಯು ಎಣ್ಣೆಯನ್ನು ನೋಡಿಯೇ ಇರಲಿಲ್ಲ. ಅನೇಕ ಕಾರುಗಳಲ್ಲಿ ಈ ಸೂಚನೆಯ ಹಿಂದೆ ಇರುವುದು ಬರಿಯ ಎಣಿಕೆ. ಗಾಲಿಗಳು ಸುತ್ತಿದಂತೆ ದೂರದ ಲೆಕ್ಕ ಬೆಳೆಯುತ್ತದೆ. ಗೊತ್ತುಪಡಿಸಿದ ಅಂಕಿಯನ್ನು ಮುಟ್ಟಿದೊಡನೆ ದೀಪ ಹೊತ್ತುತ್ತದೆ. ನಮ್ಮ ಮಿತ್ರರ ಕಾರಿನಲ್ಲಿ ಆ ಅಂಕಿ 10,000 ಕಿಲೋಮೀಟರು. ಅವರು 9,700 ಆದಾಗಲೇ ಎಣ್ಣೆ ಬದಲಾಯಿಸಿದ್ದರು. ಎಣಿಕೆಯನ್ನು ಸೊನ್ನೆಗೆ ತರದಿದ್ದ ಕಾರಣ, ಮತ್ತೆ 300 ಕಿಲೋಮೀಟರು ಓಡಿದೊಡನೆ ಗಣಕವು ಹಳೆಯ ಎಣ್ಣೆಯ ಆಯುಷ್ಯ ಮುಗಿಯಿತೆಂದು ಸಾರಿತು. ಆ ಹಳೆಯ ಎಣ್ಣೆ ಆಗ ಕಾರಿನಲ್ಲಿಯೇ ಇರಲಿಲ್ಲವೆಂಬುದು ಅದಕ್ಕೆ ತಿಳಿಯುವ ಬಗೆ ಹೇಗೆ?

ಆದರೆ ಎಣ್ಣೆಯ ಮುಪ್ಪನ್ನು ಕಿಲೋಮೀಟರಿನಿಂದ ಅಳೆಯುವುದು ಸರಿಯೇ ಎಂಬ ಪ್ರಶ್ನೆ ಇದಕ್ಕಿಂತಲೂ ಸ್ವಾರಸ್ಯವಾದುದು. ಕೀಲೆಣ್ಣೆಯು ತಿರುಗುವ ದಂಡಕ್ಕೂ ಅದರ ಆಧಾರಕ್ಕೂ ನಡುವೆ ತೆಳುವಾದ ಪೊರೆಯಾಗಿ ನಿಂತು ಲೋಹಕ್ಕೆ ಲೋಹ ತಾಗದಂತೆ ಕಾಯುತ್ತದೆ. ಈ ಪೊರೆಗೆ ಎರಡು ಕಡೆಯಿಂದ ಶತ್ರುಗಳುಂಟು. ಒಂದು, ಅತಿಯಾದ ಕಾವು. ಬಿಸಿಯೇರಿದ ಎಣ್ಣೆ ಗಾಳಿಯ ಆಮ್ಲಜನಕದೊಡನೆ ಕೂಡಿ ಮಂದವಾಗುತ್ತದೆ, ಜಿಗುಟಾಗುತ್ತದೆ. ಉಷ್ಣತೆ 10 ಡಿಗ್ರಿ ಏರಿದಾಗ ಇಂಥ ರಾಸಾಯನಿಕ ಕ್ರಿಯೆಯ ವೇಗ ಹೆಚ್ಚುಕಡಿಮೆ ಎರಡರಷ್ಟಾಗುವುದೆಂಬ ಸ್ಥೂಲನಿಯಮವನ್ನು ನೀವು ರಸಾಯನಶಾಸ್ತ್ರದ ತರಗತಿಯಲ್ಲಿ ಕೇಳಿರಬಹುದು.

ಇನ್ನೊಂದು ಶತ್ರುವನ್ನು ಹೇಳಿದರೆ ಹಲವರು ನಂಬುವುದಿಲ್ಲ. ಅದು ನೀರು! ಪೆಟ್ರೋಲಿನಲ್ಲಿರುವ ಜಲಜನಕವು ಉರಿದಾಗ ನೀರಾಗುವುದಷ್ಟೆ. ಲೆಕ್ಕ ಹಾಕಿ ನೋಡಿ: ಆಕ್ಟೇನಿನ 114 ಗ್ರಾಂ ಪೂರ್ತಿ ಉರಿದರೆ 162 ಗ್ರಾಂ ನೀರು ಹುಟ್ಟುತ್ತದೆ, ಎಂದರೆ ಒಂದು ಲೀಟರು ಪೆಟ್ರೋಲಿಗೆ ಸುಮಾರು ಒಂದು ಲೀಟರು ನೀರು. ಇದರ ಬಹುಪಾಲು ಆವಿಯಾಗಿ ಹೊಗೆಯ ಕೊಳವೆಯಿಂದ ಹೊರಟುಹೋಗುತ್ತದೆ. ಅಲ್ಪಭಾಗ ಮಾತ್ರ ಪಿಸ್ಟನ್ನಿನ ಉಂಗುರಗಳ ಸಂದಿಯಿಂದ ನುಸುಳಿ ಎಣ್ಣೆಯ ತೊಟ್ಟಿಗೆ ಇಳಿಯುತ್ತದೆ. ಎಂಜಿನ್ನು ಚೆನ್ನಾಗಿ ಕಾದಿದ್ದರೆ ಆ ನೀರು ಮತ್ತೆ ಆವಿಯಾದೀತು. ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಎಂದು ಎರಡೆರಡು ಕಿಲೋಮೀಟರು ಓಡಿಸಿ ನಿಲ್ಲಿಸುವವರ ಎಂಜಿನ್ನು ಕಾಯುವುದೇ ಇಲ್ಲ. ನೀರು ಅಲ್ಲೇ ಉಳಿದು, ಉರಿಯದ ಪೆಟ್ರೋಲಿನೊಡನೆಯೂ ಆಮ್ಲಗಳೊಡನೆಯೂ ಸೇರಿ ಎಣ್ಣೆಯನ್ನು ಕೆಡಿಸುತ್ತದೆ. ಕಡಿಮೆ ಓಡಿದ ಕಾರಿನ ಎಣ್ಣೆ ಚೆನ್ನಾಗಿಯೇ ಇರುವುದೆಂಬ ನಂಬಿಕೆ ಎಷ್ಟು ತಪ್ಪು, ನೋಡಿ! ವರ್ಷಕ್ಕೊಮ್ಮೆಯಾದರೂ ಬದಲಾಯಿಸಬೇಕೆಂದು ತಯಾರಕರು ಹೇಳುವುದು ಬರಿಯ ವ್ಯಾಪಾರಬುದ್ಧಿಯಿಂದಲ್ಲ.

ಈ ತೊಡಕನ್ನು ಬಿಡಿಸಲು ಅಮೆರಿಕದ ಜನರಲ್ ಮೋಟರ್ಸ್ ಕಂಪನಿಯ ಸಂಶೋಧನಾಲಯದಲ್ಲಿ ಶರ್ಲಿ ಶ್ವಾರ್ಟ್ಸ್ ಎಂಬ ರಸಾಯನಶಾಸ್ತ್ರಜ್ಞೆಯೂ ಅವರ ಸಹೋದ್ಯೋಗಿ ಡೊನಾಲ್ಡ್ ಸ್ಮೊಲೆನ್ಸ್ಕಿಯವರೂ ಒಂದು ಉಪಾಯವನ್ನು ರೂಪಿಸಿ 1987ರಲ್ಲಿ ಪ್ರಕಟಿಸಿದರು. ದೂರವನ್ನು ಬಿಟ್ಟು ಎಂಜಿನ್ನಿನ ಸುತ್ತುಗಳನ್ನು ಎಣಿಸುವುದು. ಎಣ್ಣೆ ತೀರ ತಣ್ಣಗಿದ್ದಾಗ ಅಥವಾ ತೀರ ಕಾದಿದ್ದಾಗ ಪ್ರತಿ ಸುತ್ತಿಗೂ ದಂಡ ವಿಧಿಸುವುದು — ಇಷ್ಟೇ ಅದರ ತಿರುಳು. ಉದಾಹರಣೆಗೆ ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಎಂಜಿನ್ನು ನಿಮಿಷಕ್ಕೆ 2,000 ಸುತ್ತು ತಿರುಗುವುದೆನ್ನಿ. ಒಂದು ಕಿಲೋಮೀಟರಿಗೆ 2,000 ಸುತ್ತು; 10,000 ಕಿಲೋಮೀಟರಿಗೆ ಎರಡು ಕೋಟಿ. ಪ್ರತಿಕೂಲ ಉಷ್ಣತೆಯ ಒಂದು ಸುತ್ತನ್ನು ಎರಡೆಂದು ಎಣಿಸಿದರೆ ಅದೇ ಎಣ್ಣೆಯ ಆಯುಷ್ಯ 5,000 ಕಿಲೋಮೀಟರಿಗೇ ಮುಗಿಯುತ್ತದೆ. ಇನ್ನು ಬೆಂಗಳೂರಿನ ವಾಹನಸಂದಣಿಯಲ್ಲಿ ಸಿಕ್ಕಿಬಿದ್ದು, ನಿಮಿಷಕ್ಕೆ 800 ಸುತ್ತಿನಂತೆ ಒಂದು ಗಂಟೆ ನಿಂತಲ್ಲೇ ನಿಂತ ಕಾರನ್ನು ಊಹಿಸಿಕೊಳ್ಳಿ. 48,000 ಸುತ್ತುಗಳು ಸಂದಿವೆ. ಎಂದರೆ 24 ಕಿಲೋಮೀಟರಿನ ದುಡಿಮೆ. ದೂರ ಎಣಿಸುವ ಯಂತ್ರದ ಲೆಕ್ಕದಲ್ಲಿ ಅದು ಸೊನ್ನೆ!

ಇಷ್ಟು ಜಾಣತನವಿದ್ದರೂ ಈ ವಿಧಾನವೂ ಎಣ್ಣೆಯನ್ನು ನೋಡುವುದಿಲ್ಲ. ತೊಟ್ಟಿಯೊಳಗೇ ಸಂವೇದಕವನ್ನಿಟ್ಟು ಎಣ್ಣೆಯ ವಿದ್ಯುತ್ ಗುಣವನ್ನು ಅಳೆಯುವ ಕಾರುಗಳೂ ಉಂಟು; ಉಳಿದವು ಲೆಕ್ಕವನ್ನೇ ನಂಬಿವೆ. ಆದುದರಿಂದ ಹೊಸ ಎಣ್ಣೆ ಬಂದಿತೆಂಬ ಸುದ್ದಿಯನ್ನು ಯಾರಾದರೂ ಯಂತ್ರಕ್ಕೆ ಹೇಳಲೇಬೇಕು. ಹಲವು ಷೆವರ್ಲೆ ಕಾರುಗಳಲ್ಲಿ ಹೇಳುವ ಬಗೆ ಬಲು ವಿಚಿತ್ರ: ಕೀಲಿ ತಿರುಗಿಸಿ, ಎಂಜಿನ್ನನ್ನು ಚಾಲೂ ಮಾಡದೆ, ವೇಗದ ಪೆಡಲನ್ನು ಐದು ಸೆಕೆಂಡಿನೊಳಗೆ ಮೂರು ಸಲ ಪೂರ್ತಿಯಾಗಿ ಒತ್ತಿ ಬಿಡಬೇಕು. ಟೊಯೋಟಾದ ಹಲವು ಮಾದರಿಗಳಲ್ಲಿ ಟ್ರಿಪ್ ಮೀಟರಿನ ಗುಂಡಿಯನ್ನು ಒತ್ತಿ ಹಿಡಿದೇ ಕೀಲಿಯನ್ನು ತಿರುಗಿಸಿ, ಸೊನ್ನೆ ಮೂಡುವ ತನಕ ಕೈ ಬಿಡಬಾರದು. ನಿತ್ಯದ ಓಡಾಟದಲ್ಲಿ ಯಾರೂ ಅಕಸ್ಮಾತ್ತಾಗಿ ಮಾಡದಂಥ ಕ್ರಿಯೆಯನ್ನೇ ಆರಿಸಿದ್ದಾರೆ. ಅದು ವಿವೇಕವೆಂದೇ ನನ್ನ ಎಣಿಕೆ. ನಿಮ್ಮ ಮನೆಯ ಕಾರಿನ ವಿಧಾನ ಅದರ ಕೈಪಿಡಿಯಲ್ಲಿ ಇರುತ್ತದೆ. ಬ್ಯಾಟರಿಯ ತಂತಿ ಕಳಚಿದರೆ ಲೆಕ್ಕ ಅಳಿಯುವುದೆಂದು ಕೆಲವರು ಭಾವಿಸುತ್ತಾರೆ. ಈಗಿನ ಕಾರುಗಳು ಸಾಮಾನ್ಯವಾಗಿ ಅದನ್ನು ವಿದ್ಯುತ್ತಿಲ್ಲದೆಯೂ ಉಳಿಯುವ ಸ್ಮೃತಿಕೋಶದಲ್ಲಿ ಬರೆದಿಡುವುದರಿಂದ ಆ ಶ್ರಮ ವ್ಯರ್ಥ.

ನಮ್ಮ ಮಿತ್ರರದು ನಿರಪಾಯದ ತಪ್ಪು. ನಷ್ಟವಾದುದು ಅವರ ಸಮಾಧಾನ ಮಾತ್ರ. ಇದರ ತಿರುವುಮುರುವಾದ ತಪ್ಪು ಘೋರವಾದುದು. ಎಣ್ಣೆ ಬದಲಾಯಿಸದೆ ಗುಂಡಿಯನ್ನಷ್ಟೇ ಒತ್ತಿ ಕಾರನ್ನು ಮಾರಿದರೆ, ಕೊಂಡವನ ಮುಂದೆ ಫಲಕವು ನೂರಕ್ಕೆ ನೂರು ಎಂದು ತೋರಿಸುತ್ತಿರುವಾಗಲೇ ಒಳಗೆ ಲೋಹ ಸವೆಯುತ್ತಿರಬಹುದು. ಹಳೆಯ ಕಾರು ಕೊಳ್ಳುವವರು ಫಲಕವನ್ನು ಕೇಳುವ ಬದಲು ದಿನಾಂಕವೂ ಕಿಲೋಮೀಟರೂ ಇರುವ ಬಿಲ್ಲನ್ನು ಕೇಳುವುದು ಲೇಸು.

ಒಂದು ಎಚ್ಚರಿಕೆ ಮಾತ್ರ ಉಳಿಯಿತು. ಎಣ್ಣೆಯ ಜಾರಿಯ ಚಿತ್ರವಿರುವ ಕೆಂಪು ದೀಪವನ್ನು ಈ ಹಳದಿ ಸೂಚನೆಯೊಡನೆ ಬೆರೆಸಬಾರದು. ಅದು ಲೆಕ್ಕದ ದೀಪವಲ್ಲ. ಕೊಳವೆಯಲ್ಲಿ ಎಣ್ಣೆಯ ಒತ್ತಡ ಕುಸಿದಾಗ ಅಲ್ಲಿರುವ ಸ್ವಿಚ್ಚು ಅದನ್ನು ಹೊತ್ತಿಸುತ್ತದೆ. ಓಡುತ್ತಿರುವ ಕಾರಿನಲ್ಲಿ ಅದು ಕಂಡರೆ ಗುಂಡಿಗಾಗಿ ಹುಡುಕಬೇಡಿ. ರಸ್ತೆಯ ಬದಿಗೆ ಸರಿದು ಒಡನೆಯೇ ಎಂಜಿನ್ನನ್ನು ನಿಲ್ಲಿಸಿ, ಅಳತೆಕಡ್ಡಿಯನ್ನು ಎಳೆದು ನೋಡಿ.